ಕೊಲಂಬೊ–ಮಾಲೆ ವಿಮಾನ: 777 ಕಿಲೋಮೀಟರ್, ಮೂರು ಗಡಿಯಾರ

ಮುದ್ರಿಸಿ ತಂದ ಟಿಕೆಟ್ಟನ್ನು ಕನ್ನಡಕದ ಹತ್ತಿರ ಹಿಡಿದು ಓದಿದ ನನ್ನ ಅತ್ತಿಗೆ, "ಹೋಗುವಾಗ ಒಂದು ಗಂಟೆ, ಬರುವಾಗ ಎರಡು ಗಂಟೆ. ಬರುವಾಗ ಎದುರುಗಾಳಿ ಜೋರಾಗಿರಬೇಕು" ಎಂದು ತೀರ್ಪು ಕೊಟ್ಟುಬಿಟ್ಟರು. ಟಿಕೆಟ್ಟಿನಲ್ಲಿ ಇದ್ದದ್ದೂ ಹಾಗೆಯೇ. ಕೊಲಂಬೊದಿಂದ ಬೆಳಿಗ್ಗೆ 7.20ಕ್ಕೆ ಹೊರಟ ವಿಮಾನ 8.20ಕ್ಕೆ ಮಾಲೆ ಮುಟ್ಟಬೇಕು. ನಾಲ್ಕು ದಿನಗಳ ನಂತರ ಮಾಲೆಯಿಂದ ರಾತ್ರಿ 9.20ಕ್ಕೆ ಹೊರಟದ್ದು 11.20ಕ್ಕೆ ಕೊಲಂಬೊ ಸೇರಬೇಕು. ಅದೇ ಸಮುದ್ರ, ಅದೇ ದೂರ, ಅದೇ ಮಾದರಿಯ ವಿಮಾನ. ಆದರೂ ಕಾಲ ಇಮ್ಮಡಿ. ಉತ್ತರ ಸರಳವೇ. ಶ್ರೀಲಂಕಾದ ಗಡಿಯಾರ ನಮ್ಮ ಭಾರತದ ಗಡಿಯಾರವೇ, ಮಾಲ್ಡೀವ್ಸ್‌ನದು ಅದಕ್ಕಿಂತ ಅರ್ಧ ಗಂಟೆ ಹಿಂದೆ. ಎರಡೂ ದಿಕ್ಕಿನಲ್ಲಿ ಟಿಕೆಟ್ಟು ಹೇಳುವುದು ಒಂದೂವರೆ ಗಂಟೆಯನ್ನೇ. ಒಂದು ಕಡೆ ಅರ್ಧ ಗಂಟೆ ಕಳೆದು, ಇನ್ನೊಂದು ಕಡೆ ಅರ್ಧ ಗಂಟೆ ಕೂಡಿಸಿ ಹೇಳುತ್ತದೆ, ಅಷ್ಟೇ. ನಾನು ಇದನ್ನು ವಿವರಿಸಿದಾಗ ಅತ್ತಿಗೆ ತಲೆಯಾಡಿಸಿದರೂ ಎದುರುಗಾಳಿಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅವರ ಮಾತು ಪೂರ್ತಿ ಸುಳ್ಳಾಗಿರಲಿಲ್ಲವೆಂಬುದು ನನಗೆ ಗೊತ್ತಾದದ್ದು ಮರಳಿ ಬರುವಾಗ.

ಈ ಮಾರ್ಗದಲ್ಲಿ ಶ್ರೀಲಂಕನ್ ಏರ್‌ಲೈನ್ಸ್ ಸೇರಿದಂತೆ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಹಾರಾಟ ನಡೆಸಿವೆ. ನಾನು ಹತ್ತಿದ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಒಂದು ಹೋಗುವಿಕೆ ಮತ್ತು ಒಂದು ಬರುವಿಕೆಯಿಂದ ಒಂದು ಸಂಸ್ಥೆಯ ಯೋಗ್ಯತೆಯನ್ನು ಅಳೆಯುವುದು ನ್ಯಾಯವಲ್ಲ. ನಾನು ವಿಮರ್ಶಿಸಲು ಹೊರಟಿರುವುದು ಮಾರ್ಗವನ್ನು, ಅಂದರೆ ಎರಡು ದ್ವೀಪನಗರಗಳ ನಡುವಿನ ಈ ಹಾರಾಟ ಹೇಳಿಕೊಳ್ಳುವ ದೂರವೂ ಸಮಯವೂ ಪ್ರಯಾಣಿಕನ ಕೈಗೆ ಎಷ್ಟರಮಟ್ಟಿಗೆ ಸಿಗುತ್ತವೆ ಎಂಬುದನ್ನು. ಅದಕ್ಕಾಗಿಯೇ ಒಂದು ಸಣ್ಣ ಟಿಪ್ಪಣಿ ಪುಸ್ತಕ ಇಟ್ಟುಕೊಂಡು, ಬಾಗಿಲು ಮುಚ್ಚಿದ್ದು, ವಿಮಾನ ಹಿಂದಕ್ಕೆ ಸರಿದದ್ದು, ಚಕ್ರ ನೆಲ ಬಿಟ್ಟದ್ದು, ನೆಲ ಮುಟ್ಟಿದ್ದು ಎಲ್ಲವನ್ನೂ ಕೈಗಡಿಯಾರ ನೋಡಿ ಬರೆದುಕೊಂಡೆ. ಪಕ್ಕದಲ್ಲಿ ಕುಳಿತವರು ನನ್ನನ್ನು ಯಾವುದೋ ಇಲಾಖೆಯ ತನಿಖಾಧಿಕಾರಿ ಎಂದುಕೊಂಡಿರಬಹುದು.

ಮೊದಲು ದೂರ. ಅಂತರ್ಜಾಲದಲ್ಲಿ ಈ ಎರಡು ಊರುಗಳ ದೂರ ಹುಡುಕಿದರೆ ಒಂದು ಕಡೆ 765 ಕಿಲೋಮೀಟರ್ ಎಂದೂ ಇನ್ನೊಂದು ಕಡೆ 777 ಎಂದೂ ಸಿಗುತ್ತದೆ, ಎರಡೂ ಸರಿಯೇ. ಮೊದಲಿನದು ಕೊಲಂಬೊ ನಗರದ ಮಧ್ಯಭಾಗದಿಂದ ಮಾಲೆ ನಗರದ ಮಧ್ಯಭಾಗಕ್ಕೆ ಅಳೆದದ್ದು. ಎರಡನೆಯದು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ. ಕೊಲಂಬೊದ ಬಂಡಾರನಾಯಕೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ನಗರದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಆಚೆ, ನೆಗೊಂಬೊ ಹಿನ್ನೀರಿನ ಪಕ್ಕದ ಕಟುನಾಯಕದಲ್ಲಿ. ಮಾಲೆ ಇರುವುದು ನೈಋತ್ಯಕ್ಕೆ. ಹಾಗಾಗಿ ನಗರದಿಂದ ನಿಲ್ದಾಣಕ್ಕೆ ಹೋಗುವ ಪ್ರಯಾಣಿಕ ಗುರಿಯಿಂದ ತುಸು ದೂರವೇ ಸರಿದಿರುತ್ತಾನೆ. ವಿಮಾನದವರ ಲೆಕ್ಕದಲ್ಲಿ ಈ 777 ಕಿಲೋಮೀಟರ್ ಎಂದರೆ 420 ನಾಟಿಕಲ್ ಮೈಲಿ. ನಮ್ಮ ಕಡೆಯ ಅಂದಾಜಿಗೆ ಹೇಳುವುದಾದರೆ, ಬೆಂಗಳೂರಿನಿಂದ ಬೀದರ್‌ಗೆ ರಸ್ತೆಯಲ್ಲಿ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚು. ರಾತ್ರಿಯ ಬಸ್ಸು ಹತ್ತಿದವರಿಗೆ ಅದು ಎಷ್ಟು ದೂರವೆಂದು ಬೆನ್ನಿಗೆ ಗೊತ್ತಿರುತ್ತದೆ. ಇಷ್ಟೂ ದೂರ ಬರೀ ನೀರು. ಭೂಮಿಯ ಗುಂಡಗಿನ ಆಕಾರದಿಂದಾಗಿ ದೂರದ ಹಾರಾಟಗಳು ನಕ್ಷೆಯಲ್ಲಿ ಬಾಗಿದಂತೆ ಕಾಣುತ್ತವಲ್ಲ, ಇಲ್ಲಿ ಆ ಬಾಗು ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಊರುಗಳು ಭೂಮಧ್ಯರೇಖೆಯ ಹತ್ತಿರ, ಒಂದು 7 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಇನ್ನೊಂದು 4 ಡಿಗ್ರಿ ಚಿಲ್ಲರೆಯಲ್ಲಿ ಇರುವುದರಿಂದ, ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ಗೆರೆಯೇ ಹೆಚ್ಚುಕಡಿಮೆ ವಿಮಾನದ ದಾರಿ.

ಎರಡನ್ನೂ ದ್ವೀಪನಗರ ಎಂದು ಒಂದೇ ಉಸಿರಿನಲ್ಲಿ ಕರೆಯುತ್ತೇವಾದರೂ ಇವುಗಳ ನಡುವೆ ಅಜಗಜಾಂತರವಿದೆ. ಕೊಲಂಬೊ ದ್ವೀಪವೊಂದರಲ್ಲಿ ಇರುವ ನಗರ. ಆ ದ್ವೀಪದ ವಿಸ್ತೀರ್ಣ 65,610 ಚದರ ಕಿಲೋಮೀಟರ್. ಮಾಲೆಯಾದರೋ ನಗರವೇ ದ್ವೀಪ, ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರ್. ಅಲ್ಲಿ ವಿಮಾನ ಇಳಿಸಲು ಜಾಗವೇ ಇಲ್ಲದ್ದರಿಂದ ಪಕ್ಕದ ಹುಲುಲೆ ಎಂಬ ಇನ್ನೊಂದು ದ್ವೀಪವನ್ನು ಇಡಿಯಾಗಿ ವಿಮಾನ ನಿಲ್ದಾಣ ಮಾಡಿಕೊಂಡಿದ್ದಾರೆ. ಅಂದರೆ ಹಾರಾಟದ ಒಂದು ತುದಿಯಲ್ಲಿ ಊರಿಗೆ ಹೋಗಲು ಹೆದ್ದಾರಿ, ಇನ್ನೊಂದು ತುದಿಯಲ್ಲಿ ಕಡಲ ಮೇಲಿನ ಸೇತುವೆ ಅಥವಾ ದೋಣಿ. ದೂರದ ಲೆಕ್ಕ ಹಾಕಿಕೊಡುವ ಯಾವ ಯಂತ್ರವೂ ಈ ತುದಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪ್ರಯಾಣದ ದಿನ ಖರ್ಚಾಗುವುದು ಮಾತ್ರ ಅಲ್ಲಿಯೇ.

ಸಮಯದ ಲೆಕ್ಕ ಇನ್ನಷ್ಟು ಸ್ವಾರಸ್ಯಕರ. ಈ ಬಗೆಯ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಬಳಸುವ ಸೂತ್ರವೆಂದರೆ ದೂರವನ್ನು ಗಂಟೆಗೆ 800 ಕಿಲೋಮೀಟರ್ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ನೆಲದ ಮೇಲೆ ಓಡಾಡುವುದಕ್ಕೂ ಸೇರಿ ಅರ್ಧ ಗಂಟೆ ಕೂಡಿಸುವುದು. 777ನ್ನು 800ರಿಂದ ಭಾಗಿಸಿದರೆ 58 ನಿಮಿಷ, ಅದಕ್ಕೆ 30 ಸೇರಿಸಿದರೆ 1 ಗಂಟೆ 28 ನಿಮಿಷ. ಟಿಕೆಟ್ಟಿನ ಒಂದೂವರೆ ಗಂಟೆಗೆ ಇದು ಅಚ್ಚುಕಟ್ಟಾಗಿ ಹೊಂದುತ್ತದೆ. ಆದರೆ ಈ ಮಾರ್ಗದಲ್ಲಿ ಹಾರುವ ಎ320 ಜಾತಿಯ ವಿಮಾನ ತನ್ನ ಪೂರ್ಣ ವೇಗದಲ್ಲಿ, ಅಂದರೆ ಗಂಟೆಗೆ 830 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗುವುದು ದಾರಿಯ ಅರ್ಧ ಭಾಗ ಮಾತ್ರ. ಪೈಲಟ್ ನಮಗೆ ಘೋಷಿಸಿದ ಎತ್ತರ 34,000 ಅಡಿ. ಅಷ್ಟು ಎತ್ತರಕ್ಕೆ ಏರಲು ಸುಮಾರು 200 ಕಿಲೋಮೀಟರ್ ಬೇಕು, ಇಳಿಯಲು ಹೆಚ್ಚುಕಡಿಮೆ ಅಷ್ಟೇ ಬೇಕು. ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳ ಹಳೆಯ ಬಾಯಿಲೆಕ್ಕ. ಉಳಿದ ಮುನ್ನೂರೈವತ್ತು ನಾನೂರು ಕಿಲೋಮೀಟರ್ ಮಾತ್ರ ಸಮತಟ್ಟಾದ ಓಟ. ಮದುವೆ ಮನೆಯಲ್ಲಿ ಎಲೆ ಹಾಕಿ ನೀರು ಚಿಮುಕಿಸುವಷ್ಟರಲ್ಲಿ ಪಂಕ್ತಿ ಏಳುವ ಹೊತ್ತಾಯಿತು ಎಂದಂತೆ.

ನಮ್ಮ ದಿನದ ಲೆಕ್ಕ ಹೀಗಿತ್ತು. ಬಾಗಿಲು ಮುಚ್ಚಿದ್ದು 7.24, ವಿಮಾನ ಹಿಂದಕ್ಕೆ ಸರಿದದ್ದು 7.31, ಚಕ್ರ ನೆಲ ಬಿಟ್ಟದ್ದು 7.46, ಹುಲುಲೆಯ ನೆಲ ಮುಟ್ಟಿದ್ದು ಕೊಲಂಬೊ ಸಮಯ 8.50. ಗಾಳಿಯಲ್ಲಿದ್ದದ್ದು 64 ನಿಮಿಷ. ಹನ್ನೊಂದು ನಿಮಿಷ ತಡವಾಗಿ ಅಲುಗಾಡಿದ ವಿಮಾನ ನಿಲುಗಡೆಗೆ ಬಂದು ನಿಂತದ್ದು ಮಾಲೆ ಸಮಯ 8.27ಕ್ಕೆ, ಅಂದರೆ ಏಳೇ ನಿಮಿಷ ತಡ. ವೇಳಾಪಟ್ಟಿಯಲ್ಲಿ ಅವರು ಕೊಟ್ಟುಕೊಂಡ ಅವಕಾಶ ಉದಾರವಾದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಬೆಳಿಗ್ಗೆ ನಾವು ಕೊಲಂಬೊ ಕೋಟೆ ಪ್ರದೇಶದ ವಸತಿಗೃಹ ಬಿಟ್ಟದ್ದು 4 ಗಂಟೆಗೆ. ಮಾಲ್ಡೀವ್ಸ್‌ನ ವಲಸೆ ಕಟ್ಟೆ ದಾಟಿ ಹೊರಗೆ ನಿಂತಾಗ ನನ್ನ ಕೈಗಡಿಯಾರದಲ್ಲಿ 9.40. ಐದು ಗಂಟೆ ನಲವತ್ತು ನಿಮಿಷದ ಪ್ರಯಾಣದಲ್ಲಿ ಹಾರಾಟದ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ.

ಕೊಲಂಬೊ ತುದಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 2013ರಲ್ಲಿ ತೆರೆದ ಕೊಲಂಬೊ–ಕಟುನಾಯಕ ಹೆದ್ದಾರಿಯಿಂದಾಗಿ ನಸುಕಿನಲ್ಲಿ ಟ್ಯಾಕ್ಸಿಗೆ 40 ನಿಮಿಷ ಸಾಕಾಯಿತು. ಇರುವುದು ಒಂದೇ ರನ್‌ವೇ, ಈಶಾನ್ಯದಿಂದ ನೈಋತ್ಯಕ್ಕೆ. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವಾಗ ವಿಮಾನ ಅದಕ್ಕೆ ಎದುರಾಗಿ ಕಡಲಿನ ಕಡೆಗೇ ಏರುತ್ತದೆ, ಮಾಲೆಯೂ ಆ ಕಡೆಗೇ ಇರುವುದರಿಂದ ಬಲಕ್ಕೆ ತುಸು ತಿರುಗಿದರೆ ದಾರಿ ಸಿಕ್ಕಂತೆಯೇ. ಈಶಾನ್ಯಕ್ಕೆ ಏರಬೇಕಾಗಿ ಬಂದರೆ ಒಂದು ಸುತ್ತು ಹಾಕಿ ಬೆನ್ನು ತಿರುಗಿಸಬೇಕು, ಕೆಲವು ನಿಮಿಷ ಅಲ್ಲಿಯೇ ಹೋಗುತ್ತದೆ. ನಾವು ಹೋದದ್ದು ಆಗಸ್ಟ್ ತಿಂಗಳು. ನೆಗೊಂಬೊ ಹಿನ್ನೀರಿನ ಮೇಲೆ ಮೀನುದೋಣಿಗಳು ಇನ್ನೂ ಕಪ್ಪು ಚುಕ್ಕೆಗಳಂತೆ ಕಾಣುತ್ತಿದ್ದಾಗಲೇ ಮೋಡ ನುಂಗಿಕೊಂಡಿತು.

ವಿಮಾನದ ಒಳಗಿನ ಸೇವೆಗೆ ಬರುತ್ತೇನೆ. ಸೀಟುಬೆಲ್ಟಿನ ದೀಪ ಆರಿದ್ದು ಏರಿದ 14ನೆಯ ನಿಮಿಷಕ್ಕೆ, ಮತ್ತೆ ಹತ್ತಿದ್ದು 46ನೆಯ ನಿಮಿಷಕ್ಕೆ. ಈ 32 ನಿಮಿಷಗಳಲ್ಲಿ ಮೂರು ಮಂದಿ ಸಿಬ್ಬಂದಿ ನೂರೈವತ್ತರಷ್ಟು ಜನರಿಗೆ ರಟ್ಟಿನ ಪೆಟ್ಟಿಗೆಯ ತಿಂಡಿ ಕೊಟ್ಟು, ಚಹಾ ಸುರಿದು, ಖಾಲಿ ಪೆಟ್ಟಿಗೆ ಎತ್ತಿಕೊಂಡು, ಕಿಟಕಿಯ ತೆರೆ ಎತ್ತಿಸಿ ಮುಗಿಸಿದರು. ಓಟದ ಸ್ಪರ್ಧೆಯಂತಿದ್ದ ಆ ಕೆಲಸದಲ್ಲಿ ಒಬ್ಬರೂ ಮುಖ ಸಿಂಡರಿಸಲಿಲ್ಲ ಎಂಬುದನ್ನು ದಾಖಲಿಸಲೇಬೇಕು. ಚಹಾ ನಿಜವಾಗಿಯೂ ಚೆನ್ನಾಗಿತ್ತು. ಚಹಾ ಬೆಳೆಯುವ ನಾಡಿನಿಂದ ಹೊರಟ ವಿಮಾನದಲ್ಲಿ ಅದೂ ಚೆನ್ನಾಗಿರದಿದ್ದರೆ ಇನ್ನೆಲ್ಲಿ? ತಿಂಡಿಯ ಮಾತು ಬೇರೆ. ಟಿಕೆಟ್ ಕೊಳ್ಳುವಾಗಲೇ ಸಸ್ಯಾಹಾರ ಎಂದು ಗುರುತು ಹಾಕಿದ್ದರೂ ನಮ್ಮ ಸಾಲಿಗೆ ಬಂದದ್ದು ಮೀನು ತುಂಬಿದ ಬನ್ನು. ಕೇಳಿದ ಮೇಲೆ ಐದು ನಿಮಿಷ ಹುಡುಕಿ ಒಂದು ಸಸ್ಯಾಹಾರದ ಪೆಟ್ಟಿಗೆ ತಂದರು, ಅದನ್ನು ಮೂವರು ಹಂಚಿಕೊಂಡೆವು. ಮಾಲ್ಡೀವ್ಸ್‌ನ ಕಡೆಗೆ ಹೋಗುವ ಸಸ್ಯಾಹಾರಿಗಳು ಚೀಲದಲ್ಲಿ ಚಪಾತಿ ಚಟ್ನಿಪುಡಿ ಇಟ್ಟುಕೊಳ್ಳುವುದೇ ಲೇಸು. ಅಲ್ಲಿ ಬೆಳಗಿನ ಉಪಾಹಾರವೂ ಮೀನಿನಿಂದಲೇ ಶುರುವಾಗುತ್ತದೆ.

ನನ್ನ ಪಕ್ಕದಲ್ಲಿ ಕಿಟಕಿಯ ಹತ್ತಿರ ಕುಳಿತಿದ್ದವರು ಮಾಲೆಯ ಒಬ್ಬ ಹಿರಿಯ ಹೆಂಗಸು. ಸೊಸೆಯ ಹೆರಿಗೆಗೆಂದು ಕೊಲಂಬೊದಲ್ಲಿ ಎರಡು ತಿಂಗಳು ಇದ್ದು ಮರಳುತ್ತಿದ್ದರು. ಚಿಕಿತ್ಸೆಗೂ ಓದಿಗೂ ಮಾಲ್ಡೀವ್ಸ್‌ನ ಜನ ಕೊಲಂಬೊಗೆ ಹೋಗಿಬರುವುದು ತಲೆಮಾರಿನ ರೂಢಿ. ಈ ವಿಮಾನದಲ್ಲಿ ಪ್ರವಾಸಿಗರಿಗಿಂತ ಇಂಥವರೂ, ದ್ವೀಪದ ಹೋಟೆಲುಗಳಲ್ಲಿ ದುಡಿಯುವ ಸಿಂಹಳ, ತಮಿಳು ಹುಡುಗರೂ ಹೆಚ್ಚಿದ್ದರು. ಆಕೆಯ ಕಾಲ ಬಳಿ ಹಳದಿ ಹಗ್ಗದಿಂದ ನಾಲ್ಕು ಸುತ್ತು ಬಿಗಿದ ಒಂದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ. ಸಿಬ್ಬಂದಿ ಅದನ್ನು ಮೇಲಿಡಲು ಎತ್ತಿದಾಗ ಆಕೆ ಹಗ್ಗದ ತುದಿ ಬಿಡಲೊಲ್ಲರು. ಒಳಗೇನಿದೆ ಎಂದು ನಾನು ಕೇಳಲಿಲ್ಲ, ಆಕೆಯೇ ಹೇಳಿದರು: ಮಗುವಿನ ಬಟ್ಟೆ, ಮೊಣಕಾಲಿನ ಎಣ್ಣೆ, ಮತ್ತು ಅಡಿಕೆ. ಊಟವಾದ ಮೇಲೆ ಅಡಿಕೆಯನ್ನು ಕಾಗದದಷ್ಟು ತೆಳ್ಳಗೆ ಸೀಳಿ ಲವಂಗದ ಜೊತೆ ಬಾಯಿಗೆ ಹಾಕುವ ಅಭ್ಯಾಸ ಅಲ್ಲಿ ಮನೆಮನೆಯಲ್ಲಿದೆ. ನಮ್ಮ ಕಡೆ ಶಿವಮೊಗ್ಗದಲ್ಲಿ ಅಡಿಕೆ ಬೆಳೆಯುತ್ತಾರೆಂದು ಹೇಳಿದ್ದಕ್ಕೆ ಆಕೆ ಸೀರೆ ಅಂಗಡಿಯಲ್ಲಿ ಸೆರಗು ಪರೀಕ್ಷಿಸುವವರಂತೆ ನನ್ನನ್ನೊಮ್ಮೆ ನೋಡಿ, ಬೆಲೆ ಎಷ್ಟು ಎಂದರು.

ಗಾಳಿಯ ವಿಚಾರ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದಿಂದ ನಮ್ಮ ಕಡೆಗೆ ಬೀಸುವುದು ಪಡುವಣ ಗಾಳಿಯಾದ್ದರಿಂದ, ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಅದು ಎದುರಾಗಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ಅದು ಕೆಳಮಟ್ಟದ ಗಾಳಿ. ಇದೇ ತಿಂಗಳುಗಳಲ್ಲಿ ಬಹು ಎತ್ತರದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಒಂದು ಬಿರುಗಾಳಿ ಹರಿಯುತ್ತಿರುತ್ತದೆ. ಮುಂದೆ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಪಿ. ಕೋಟೇಶ್ವರಮ್ ಅವರು 1950ರ ದಶಕದಲ್ಲಿ ಇದನ್ನು ವಿವರಿಸಿದರು. ಆ ಗಾಳಿಯ ನಡುದಾರಿ ಇರುವುದು 14ರಿಂದ 16 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ವಿಮಾನ ಇದ್ದದ್ದು 10 ಕಿಲೋಮೀಟರ್ ಚಿಲ್ಲರೆಯಲ್ಲಿ, ಅಂದರೆ ಅದರ ಸೆರಗಿನಲ್ಲಿ. ಹೀಗಾಗಿ ಏರುವಾಗ ಎದುರಾದ ಗಾಳಿ ಮೇಲೆ ಹೋದ ಮೇಲೆ ಬೆನ್ನು ತಟ್ಟಿತು. ಮರಳಿ ಬರುವಾಗ ಅದೇ ಗಾಳಿ ಎದುರಾಗಿ ಹಾರಾಟ 70 ನಿಮಿಷ ಹಿಡಿಯಿತು. ಹೋಗುವಾಗ 64, ಬರುವಾಗ 70. ಅತ್ತಿಗೆಯ ಎದುರುಗಾಳಿ ಇದ್ದದ್ದು ನಿಜ, ಅದರ ಬೆಲೆ ಮಾತ್ರ ಒಂದು ಗಂಟೆಯಲ್ಲ, ಆರು ನಿಮಿಷ. ಟಿಪ್ಪಣಿ ಪುಸ್ತಕ ತೋರಿಸಿದಾಗ ಅವರು, "ನಾನು ಹೇಳಿರಲಿಲ್ಲವೇ?" ಎಂದರು. ಆರು ನಿಮಿಷಗಳ ಸತ್ಯದ ಮುಂದೆ ನಾನು ಸೋತೆ.

ಈ ಮಾರ್ಗದಲ್ಲಿ ಸಮಯವನ್ನು ನಿಜವಾಗಿ ಏರುಪೇರು ಮಾಡುವುದು ಮೋಡ. ಭೂಮಧ್ಯರೇಖೆಯ ಹತ್ತಿರದ ಈ ಕಡಲಿನ ಮೇಲೆ ಗುಡುಗುಮೋಡಗಳು ವಿಮಾನದ ಎತ್ತರವನ್ನೂ ಮೀರಿ ಬೆಳೆಯುತ್ತವೆ, ಅವುಗಳ ಮೇಲೆ ಹಾರುವಂತಿಲ್ಲ, ಒಳಗೆ ನುಗ್ಗುವಂತಿಲ್ಲ, ಬಳಸಿಯೇ ಹೋಗಬೇಕು. ಹೋಗುವಾಗ ನಮ್ಮ ವಿಮಾನ ಎರಡು ಬಾರಿ ದಿಕ್ಕು ತಿದ್ದಿಕೊಂಡಿತು. ಹೂಕೋಸಿನಂಥ ಒಂದು ಬಿಳಿ ಗೋಪುರ ಎಡಗಡೆಯ ಕಿಟಕಿಯಲ್ಲಿ ನಿಧಾನವಾಗಿ ಹಿಂದೆ ಸರಿಯಿತು, ಅದರ ಬುಡದಲ್ಲಿ ಕಡಲಿನ ಮೇಲೆ ಮಳೆ ಬೂದು ಪರದೆಯಂತೆ ನಿಂತಿತ್ತು. ಅಲುಗಾಟಕ್ಕೆ ಹೆದರುವವರು ರೆಕ್ಕೆಯ ಹತ್ತಿರದ ಸೀಟು ಕೇಳಿ ಪಡೆಯುವುದು ಒಳ್ಳೆಯದು. ಇಷ್ಟು ನೀರಿನ ಮೇಲೆ ಎರಡೇ ಎಂಜಿನ್ನೇ ಎಂದು ಅಂಜುವವರಿಗೂ ಒಂದು ಮಾತು: ದಾರಿಯ ನಟ್ಟನಡುವೆ ಇದ್ದರೂ ನೆಲ 390 ಕಿಲೋಮೀಟರ್ ಆಚೆಯೇ ಇರುತ್ತದೆ, ಒಂದೇ ಎಂಜಿನ್ನಿನಲ್ಲಿ ಅದು ಒಂದು ಗಂಟೆಯೊಳಗಿನ ದಾರಿ. ಮಾಲೆಯಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ ಹೋಗುವುದು ಎಂಬುದೂ ಹೊರಡುವ ಮೊದಲೇ ನಿಶ್ಚಯವಾಗಿರುತ್ತದೆ. ದಕ್ಷಿಣದ ಅಡ್ಡು ದ್ವೀಪವಲಯದ ಗಾನ್ ಸುಮಾರು 540 ಕಿಲೋಮೀಟರ್. ನಮ್ಮ ತಿರುವನಂತಪುರವಂತೂ ಸುಮಾರು 600 ಕಿಲೋಮೀಟರ್, ಅಂದರೆ ಕೊಲಂಬೊಗಿಂತ ಹತ್ತಿರ.

ಇಡೀ ಮಾರ್ಗದಲ್ಲಿ ಹಣ ಕೊಟ್ಟದ್ದಕ್ಕೆ ನ್ಯಾಯ ಸಿಗುವುದು ಕೊನೆಯ ಹತ್ತು ನಿಮಿಷಗಳಲ್ಲಿ. ಮೋಡ ಹರಿದ ಕೂಡಲೇ ಕೆಳಗೆ ಕಡುನೀಲಿಯ ನಡುವೆ ಹಸಿರುನೀಲಿಯ ಉಂಗುರಗಳು ಕಾಣತೊಡಗುತ್ತವೆ, ಉಂಗುರದ ಅಂಚಿನಲ್ಲಿ ಬಿಳಿ ನೊರೆ, ನೊರೆಯ ಮೇಲೆ ಒಂದೊಂದು ಹಿಡಿ ಮರ. ಇಂಥ ಹವಳದ ಉಂಗುರಗಳಿಗೆ ಜಗತ್ತೆಲ್ಲ ಬಳಸುವ ಅಟಾಲ್ ಎಂಬ ಪದ ಹುಟ್ಟಿದ್ದು ಇಲ್ಲಿಯ ದಿವೇಹಿ ಭಾಷೆಯಲ್ಲಿ. ಹುಲುಲೆಯ ರನ್‌ವೇ ಉತ್ತರ ದಕ್ಷಿಣವಾಗಿ ಮಲಗಿದೆ. ಉತ್ತರದಿಂದ ಬಂದು ಇಳಿದರೆ ಮಾಲೆ ನಗರ ಬಲಗಡೆಯ ಕಿಟಕಿಗೆ, ದಕ್ಷಿಣದಿಂದ ಬಂದರೆ ಎಡಗಡೆಯ ಕಿಟಕಿಗೆ ಸಿಗುತ್ತದೆ. ಯಾವ ಕಡೆ ಕುಳಿತರೆ ಊರು ಕಾಣುತ್ತದೆ ಎಂದು ಖಾತ್ರಿಯಾಗಿ ಹೇಳುವವರ ಮಾತನ್ನು ನಂಬಬೇಡಿ, ಅದನ್ನು ಹೇಳಬೇಕಾದ್ದು ಆ ದಿನದ ಗಾಳಿ. ಚಕ್ರ ತಾಗುವ ಮುಂಚಿನ ಕ್ಷಣದವರೆಗೂ ಕಿಟಕಿಯಲ್ಲಿ ನೀರೇ ಕಾಣುತ್ತಿರುತ್ತದೆ. ಹಿಂದಿನ ಸಾಲಿನ ಒಬ್ಬರು ಗಟ್ಟಿಯಾಗಿ ರಾಮನಾಮ ಹೇಳಿದ್ದು ಕೇಳಿಸಿತು. ನೆಲ ಬಂದದ್ದು ನಾಮ ಮುಗಿದ ಮೇಲೆ.

ಇಲ್ಲಿ ಮೊದಲು ಕಟ್ಟಿದ್ದು 1960ರಲ್ಲಿ, ಉಕ್ಕಿನ ತಗಡುಗಳನ್ನು ಜೋಡಿಸಿದ ಓಡುದಾರಿ. 1962ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಿಳಿದ ಮೊದಲ ವಾಣಿಜ್ಯ ವಿಮಾನ ಏರ್ ಸಿಲೋನ್‌ನದು, ಅಂದರೆ ನಾವು ಬಂದ ಮಾರ್ಗವೇ ಈ ನಿಲ್ದಾಣದ ಅತ್ಯಂತ ಹಳೆಯ ಬಂಧು. ಈಗಿನ 3,400 ಮೀಟರ್ ಉದ್ದದ ರನ್‌ವೇ ಬಳಕೆಗೆ ಬಂದದ್ದು 2018ರಲ್ಲಿ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ತೆರೆದ ಸಿನಮಾಲೆ ಸೇತುವೆ ನಿಲ್ದಾಣವನ್ನು ಮಾಲೆಗೆ ಜೋಡಿಸಿತು. ಅದಕ್ಕೆ ಮುಂಚೆ ದೋಣಿಯೊಂದೇ ಗತಿ. ದೋಣಿ ಈಗಲೂ ಇದೆ, ಹತ್ತು ನಿಮಿಷದ ಆ ದಾರಿ ಬಸ್ಸಿಗಿಂತ ಚೆನ್ನ.

ಹೋಗುವವರು ಮಾಲ್ಡೀವ್ಸ್ ಸರ್ಕಾರದ ಇಮುಗ ಎಂಬ ಜಾಲತಾಣದಲ್ಲಿ ಪ್ರಯಾಣದ ಮುಂಚಿನ 96 ಗಂಟೆಗಳೊಳಗೆ ವಿವರ ತುಂಬಿರಬೇಕು. ಕೊಲಂಬೊದ ಸುಂಕರಹಿತ ಅಂಗಡಿಯಲ್ಲಿ ಮದ್ಯದ ಬಾಟಲಿ ಕೊಳ್ಳಬೇಡಿ, ಮಾಲೆಯ ಕಸ್ಟಮ್ಸ್‌ನವರು ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಪೂಜೆಯ ವಿಗ್ರಹಗಳೂ ಅಲ್ಲಿಯ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿವೆ. ಚೀಲದಲ್ಲಿ ಪುಟ್ಟ ಗಣಪನನ್ನು ಇಟ್ಟುಕೊಂಡು ಹೊರಡುವ ನಮ್ಮ ಕಡೆಯವರು ಅವನನ್ನು ಮನೆಯಲ್ಲೇ ಬಿಟ್ಟುಹೋಗುವುದು ಒಳ್ಳೆಯದು.

ಇನ್ನು ಮೂರನೆಯ ಗಡಿಯಾರ. ನಮ್ಮನ್ನು ಕರೆದೊಯ್ಯಬೇಕಿದ್ದ ದ್ವೀಪದ ವಸತಿಯವರು, ಹೆಸರು ಬೇಡ, ದೋಣಿ 11.30ಕ್ಕೆ ಎಂದು ಬರೆದು ತಿಳಿಸಿದ್ದರು. ಸಮಯವಿದೆಯಲ್ಲ ಎಂದು ಸಾಮಾನನ್ನು ನಿಲ್ದಾಣದಲ್ಲಿಟ್ಟು, ಬಸ್ಸು ಹಿಡಿದು ಮಾಲೆಗೆ ಹೋಗಿ, 1658ರಲ್ಲಿ ಹವಳದ ಕಲ್ಲಿನಿಂದ ಕಟ್ಟಿದ ಶುಕ್ರವಾರದ ಮಸೀದಿಯ ಗೋಡೆಯ ಕೆತ್ತನೆ ನೋಡಿ ಬೆರಗಾಗಿ, ಮಾಲೆಯ ಗಡಿಯಾರದಲ್ಲಿ ಸರಿಯಾಗಿ 11ಕ್ಕೆ ದೋಣಿಕಟ್ಟೆಗೆ ಮರಳಿದೆವು. ದೋಣಿ ಹೋಗಿ ಅರ್ಧ ಗಂಟೆಯಾಗಿತ್ತು. ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಮಾಲ್ಡೀವ್ಸ್‌ನ ಅನೇಕ ವಸತಿದ್ವೀಪಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದೆ ಇಟ್ಟುಕೊಳ್ಳುತ್ತವೆ ಎಂಬುದು ಆಗ ತಿಳಿಯಿತು. ಅವರ 11.30 ಎಂದರೆ ಮಾಲೆಯ 10.30, ನಮ್ಮ ಊರಿನ 11. ಮಾಲೆಗಿಂತ ಅರ್ಧ ಗಂಟೆ ಮುಂದೆ, ದ್ವೀಪಕ್ಕಿಂತ ಅರ್ಧ ಗಂಟೆ ಹಿಂದೆ, ಎರಡರ ನಟ್ಟನಡುವೆ ನಿಂತಿದ್ದ ನನ್ನ ಕೈಗಡಿಯಾರ ಯಾವುದಕ್ಕೂ ಒದಗಲಿಲ್ಲ. ಯಾವ ಗಡಿಯಾರದ 11.30 ಎಂದು ಬರೆಯಲು ಒಂದು ಪದ ಹೆಚ್ಚು ಸಾಕಾಗಿತ್ತು. ಅದನ್ನು ಬರೆಯದವರು ಮುಂದಿನ ದೋಣಿಗೆ ಎರಡು ಗಂಟೆ ಕಾಯಿಸಿದರು, ಕ್ಷಮೆ ಕೇಳಲು ಒಂದು ಎಳನೀರು ಕೊಟ್ಟರು. ಹಾರಾಟದ 64 ನಿಮಿಷಗಳ ಬಗ್ಗೆ ಅಷ್ಟೊಂದು ಲೆಕ್ಕ ಬರೆದವನು ಕಟ್ಟೆಯ ಮೇಲೆ ಕುಳಿತು ಎಳನೀರು ಹೀರಿದೆ.

ಆ ಕಟ್ಟೆಯ ಮೇಲೆ ನೆನಪಾದವನು ಇಬ್ನ್ ಬತೂತ. ನಮ್ಮ ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಆಶ್ರಯದಲ್ಲಿದ್ದ ಆ ಮೊರಾಕೊ ದೇಶದ ಯಾತ್ರಿಕ ಮುಂದೆ ಮಾಲ್ಡೀವ್ಸ್‌ಗೆ ಬಂದು ನ್ಯಾಯಾಧೀಶನಾಗಿ, ಜಗಳ ಮಾಡಿಕೊಂಡು, 1344ರಲ್ಲಿ ಹೊರಟ. ಹೊರಟದ್ದು ತಮಿಳು ಕರಾವಳಿಗೆ, ಮೂರು ದಿನಗಳ ದಾರಿ ಎಂಬ ಲೆಕ್ಕದಲ್ಲಿ. ದಾರಿ ಬಲ್ಲ ನಾವಿಕನಿಲ್ಲದೆ ಒಂಬತ್ತು ದಿನ ತೇಲಿ ಅವನು ಮುಟ್ಟಿದ್ದು ಸಿಂಹಳದ್ವೀಪವನ್ನು. ಹೇಳಿದ ಸಮಯ ಒಂದು, ಹಿಡಿದ ಸಮಯ ಅದರ ಮೂರು ಪಟ್ಟು, ಸೇರಿದ ಊರೇ ಬೇರೆ. ಅವನ ಮುಂದೆ ನನ್ನ ಎರಡು ಗಂಟೆಯ ದೂರು ಯಾವ ಲೆಕ್ಕದ್ದು?

ಮರಳುವ ರಾತ್ರಿ ವಿಮಾನ ಒಂದು ಗಂಟೆ ಹತ್ತು ನಿಮಿಷ ತಡವಾಯಿತು. ತಡವಾದದ್ದಕ್ಕಿಂತ ಬೇಸರವಾದದ್ದು ಅದನ್ನು ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದು, ಫಲಕದಲ್ಲಿ 9.20 ಎಂಬುದು ಹಾಗೆಯೇ ಇದ್ದು, ಆಮೇಲೆ 9.55 ಆಗಿ, ಕೊನೆಗೆ ಅಂಕಿಯೇ ಮಾಯವಾಯಿತು. ಹದಿನೈದು ಗಂಟೆಗಳ ಹಾರಾಟದಲ್ಲಿ ಎಪ್ಪತ್ತು ನಿಮಿಷ ತಡವಾದರೆ ಅದು ಬಾಲ. ಎಪ್ಪತ್ತು ನಿಮಿಷದ ಹಾರಾಟದಲ್ಲಿ ಎಪ್ಪತ್ತು ನಿಮಿಷ ತಡವೆಂದರೆ ಪ್ರಯಾಣವನ್ನೇ ಎರಡು ಸಲ ಮಾಡಿಸಿದಂತೆ. ಈ ಬಾರಿ ಎತ್ತರ 35,000 ಅಡಿ. ಪಶ್ಚಿಮಕ್ಕೆ ಹೋಗುವವರು ಸಮಸಂಖ್ಯೆಯ ಸಾವಿರಗಳಲ್ಲಿ, ಪೂರ್ವಕ್ಕೆ ಬರುವವರು ಬೆಸಸಂಖ್ಯೆಯಲ್ಲಿ ಹಾರುವುದು ಎದುರುಬದುರಾಗದಿರಲೆಂದು ಮಾಡಿಕೊಂಡ ಕಟ್ಟಳೆ. ಕೆಳಗೆ ಕತ್ತಲು, ಒಂದೆರಡು ಕಡೆ ಮೀನುದೋಣಿಗಳ ದೀಪ. ಅತ್ತಿಗೆ ನಿದ್ದೆ ಹೋಗಿದ್ದರು, ಆದ್ದರಿಂದ ತಿಂಡಿಯ ಪೆಟ್ಟಿಗೆಯಲ್ಲಿ ಈ ಸಲ ಸಸ್ಯಾಹಾರವೇ ಬಂದದ್ದನ್ನು ನೋಡಲಿಲ್ಲ.

ಹಾರಾಟಕ್ಕೆ ಐದರಲ್ಲಿ ನಾಲ್ಕು ಅಂಕ, ನೆಲದ ಮೇಲಿನ ನಡವಳಿಕೆಗೆ ಎರಡು. ಬೆಂಗಳೂರಿನವರಿಗೆ ಈ ಮಾರ್ಗ ಬೇಕೇ ಎಂದರೆ, ಮಾಲೆಯೊಂದನ್ನೇ ನೋಡುವುದಾದರೆ ಬೇಡ. ಬೆಂಗಳೂರಿನಿಂದ ಮಾಲೆಗೆ ನೇರವಾಗಿ ಸುಮಾರು 1,100 ಕಿಲೋಮೀಟರ್, ನೇರ ವಿಮಾನ ಸಿಕ್ಕಿದರೆ ಎರಡು ಗಂಟೆಯ ಮಾತು. ಕೊಲಂಬೊ ಮೇಲೆ ಬಳಸಿದರೆ 710 ಮತ್ತು 777 ಸೇರಿ 1,487. ಶ್ರೀಲಂಕಾದಲ್ಲಿ ಎರಡು ಮೂರು ದಿನ ಇದ್ದು ಮುಂದೆ ಹೋಗುವವರಿಗೆ ಮಾತ್ರ ಇದು ಸಾರ್ಥಕ. ಹಾಗೆ ಹೋಗುವವರು ಎರಡು ತುಂಡುಗಳನ್ನು ಒಂದೇ ಟಿಕೆಟ್ಟಿನಲ್ಲಿ ಕೊಳ್ಳಲಿ. ಬೇರೆಬೇರೆಯಾಗಿ ಕೊಂಡರೆ ಮೊದಲ ವಿಮಾನ ತಡವಾದಾಗ ಎರಡನೆಯವರು ಹೊಣೆ ಹೊರುವುದಿಲ್ಲ, ಸಾಮಾನನ್ನೂ ಕಟುನಾಯಕದಲ್ಲಿ ಇಳಿಸಿಕೊಂಡು ಶ್ರೀಲಂಕಾದ ಪ್ರವೇಶ ಅನುಮತಿಯೊಂದಿಗೆ ಹೊರಬಂದು ಮತ್ತೆ ಒಳಹೋಗಬೇಕಾಗುತ್ತದೆ. ದ್ವೀಪದ ದೋಣಿಯ ವೇಳೆ ತಿಳಿಸುವ ಸಂದೇಶ ಬಂದಾಗ, ಅದು ಯಾವ ಗಡಿಯಾರ ಎಂದು ಮರುಪ್ರಶ್ನೆ ಹಾಕಿ ಉತ್ತರ ಬರೆಸಿಕೊಳ್ಳಿ.